ಬಾಗಿಲಲ್ಲಿ ನಿಂತ ಹನ್ನೊಂದು ಕಾಗದ

ಟೆಲಿಫೋನ್ ಕಂಪನಿಯಿಂದ ನಾನು ನಿವೃತ್ತನಾಗಿ ನಾಲ್ಕು ವರ್ಷವಾಗಿತ್ತು. ಆದರೂ ಸೊಡರ್‌ಹಾಮ್ನ್ ಊರಿನಲ್ಲಿ ಯಾರ ಮನೆಯ ಕಂಪ್ಯೂಟರ್ ಕೆಟ್ಟರೂ ನನಗೇ ಕರೆ ಬರುತ್ತಿತ್ತು. ಮೂವತ್ತೈದು ವರ್ಷ ಕಂಬ ಹತ್ತಿದವನಿಗೆ ತಂತಿಯ ತುದಿಗೆ ಸಿಕ್ಕಿಸುವುದೆಲ್ಲ ಗೊತ್ತಿರಲೇಬೇಕು ಎಂದು ಜನ ನಂಬಿದ್ದರು.

ಅಂದು ಮೇ ಮೂವತ್ತೊಂದು. ಗುನ್ನೆಲ್‌ಳದು ಆ ದಿನದ ಮೂರನೆಯ ಮನೆ, ಅದೂ ಲಿಫ್ಟಿಲ್ಲದ ಮೂರನೆಯ ಮಹಡಿ. ಬಾಗಿಲಲ್ಲಿ ಶೂ ಬಿಚ್ಚಲು ಬಗ್ಗಿದಾಗ ಎರಡೂ ಮಂಡಿ ಚೀರಿದವು.

"ಬೆಳಗ್ಗೇನೇ ಬರ್ತೀನಿ ಅಂದಿದ್ದೆ. ಸತ್ತೇ ಹೋದ ಅನ್ಕೊಂಡೆ," ಎಂದಳು. ಎಪ್ಪತ್ತು ವರ್ಷ, ಶಾಲೆಯ ಅಡುಗೆಮನೆಯಲ್ಲಿ ದುಡಿದು ಗಟ್ಟಿಯಾದ ಕೈ, ಅದಕ್ಕಿಂತ ಗಟ್ಟಿ ಬಾಯಿ.

"ಸಾಯೋಕೂ ಪುರುಸೊತ್ತಿಲ್ಲ. ಏನಾಗಿದೆ ಹೇಳು."

"ನಂಗೆ ಮೇಲ್ ಬರತ್ತೆ ಹಿಲ್ಡಿಂಗ್. ಆದ್ರೆ ನಾನು ಕಳ್ಸಿದ್ದು ಹೋಗತ್ತೋ ಇಲ್ವೋ ಅಂತ ಈಗೀಗ ಅನುಮಾನ. ಪರದೆ ಮೇಲೆ ಏನೋ ಇಂಗ್ಲಿಷಲ್ಲಿ ಬರೆದಿರೋ ಡಬ್ಬಿ ಬರತ್ತೆ, ಮುಚ್ತೀನಿ. ಇವತ್ತು ಬರೆದಿದ್ದು ಮಾತ್ರ ಇವತ್ತೇ ಹೋಗ್ಬೇಕು."

ವಿಷಯ ನನಗೆ ಗೊತ್ತಿತ್ತು. ಅಪ್ಪ ಬಿಟ್ಟುಹೋದ ದ್ವೀಪದ ಬೇಸಿಗೆ ಮನೆ ಇವಳಿಗೂ ತಂಗಿ ಮಾಯ್ಲಿಸ್‌ಳಿಗೂ ಸಮಪಾಲು. ಉಪ್ಸಾಲಾದಲ್ಲಿರುವ ಮಾಯ್ಲಿಸ್ ಈಸ್ಟರ್ ಹೊತ್ತಿಗೆ ಫೋನಿನಲ್ಲಿ "ಮಾರಿಬಿಡೋಣ" ಅಂದಿದ್ದಳು. ಮಾತಿಗೆ ಮಾತು ಬೆಳೆದು ಇವಳು ರಿಸೀವರ್ ಕುಕ್ಕಿದ್ದಳು. ಆಮೇಲೆ ತಂಗಿಯಿಂದ ಬಂದದ್ದು ಒಂದೇ ಮೇಲ್: ಮೇ ಮುಗಿಯುವುದರೊಳಗೆ ಉತ್ತರ ಬಾರದಿದ್ದರೆ ನಿನ್ನ ಒಪ್ಪಿಗೆ ಇದೆಯೆಂದು ದಲ್ಲಾಳಿಗೆ ಹೇಳುತ್ತೇನೆ.

"ಫೋನ್ ಮಾಡಬಹುದಿತ್ತಲ್ಲ?"

"ಅವಳಿಗೆ ಬೆರಳಿಲ್ವಾ?"

ದೋಷ ಹುಡುಕಲು ಐದು ನಿಮಿಷ ಸಾಕಾಯಿತು. ಏಪ್ರಿಲ್‌ನಲ್ಲಿ ಅವಳು ಅಗ್ಗದ ಬೇರೊಂದು ಕಂಪನಿಯ ಸಂಪರ್ಕ ತೆಗೆದುಕೊಂಡಿದ್ದಳು. ಬರುವ ಮೇಲ್ ಹಳೆಯ ದಾರಿಯಲ್ಲೇ ಬರುತ್ತದೆ. ಹೋಗುವ ಮೇಲ್‌ಗೆ ಮಾತ್ರ ಹೊಸ ಕಂಪನಿಯ ಸರ್ವರ್ ಹೆಸರು ಬರೆಯಬೇಕು. ಅದನ್ನು ಯಾರೂ ಬದಲಿಸಿರಲಿಲ್ಲ.

ಹೆಸರು ತುಂಬುವ ಮೊದಲು ಮೋಡೆಮ್ಮಿನ ತಂತಿ ಕಿತ್ತೆ.

"ಅಯ್ಯೋ, ಅದ್ಯಾಕೆ ಕಿತ್ತೆ?"

"ಅಭ್ಯಾಸ."

ಈ ಅಭ್ಯಾಸ ಪುಕ್ಕಟೆ ಬಂದದ್ದಲ್ಲ. ಹಿಂದೆ ಒಬ್ಬರ ಮನೆಯಲ್ಲಿ ಏನೇನು ಕಾದು ನಿಂತಿದೆ ಎಂದು ನೋಡದೆ ಸರಿಮಾಡಿದ್ದೆ. ಮನೆಯಾತ ಸಿಟ್ಟಿನಲ್ಲಿ ಬರೆದ ರಾಜೀನಾಮೆ, ಆಮೇಲೆ ಬರೆದ ಕ್ಷಮಾಪಣೆ, ಎರಡೂ ಒಟ್ಟಿಗೆ ಹೊರಟವು. ಮೇಲಧಿಕಾರಿ ಮೊದಲನೆಯದಕ್ಕೇ ಸಹಿ ಹಾಕಿದ.

ಹೋಗಬೇಕಾದ ಮೇಲ್ ಕಾಯುವ ಔಟ್‌ಬಾಕ್ಸ್ ತೆರೆದೆ. "ಇಲ್ಲಿ ಹನ್ನೊಂದು ಕಾಗದ ಇವೆ ಗುನ್ನೆಲ್. ಎಲ್ಲಾ ಮಾಯ್ಲಿಸ್‌ಗೆ. ಎಲ್ಲಾ ಹೋಗ್ಬೇಕಾ?"

"ಹನ್ನೊಂದಾ?"

"ಶೂ ಹಾಕ್ಕೊಂಡು ಬಾಗಿಲಲ್ಲಿ ನಿಂತಿವೆ. ನಾನು ಬಾಗಿಲು ತೆಗೆದ್ರೆ ಒಟ್ಟಿಗೇ ಓಡ್ತವೆ."

ಅವಳು ಕುರ್ಚಿ ಎಳೆದುಕೊಂಡು ಕನ್ನಡಕ ಹಾಕಿದಳು. ನಾನು ಏಳಲು ಹೋದೆ, ಅವಳು ತೋಳು ಹಿಡಿದಳು. ಹೀಗಾಗಿ ನಾನೂ ಓದಿದೆ.

ಕೊನೆಯದು, ಅಂದರೆ ಇವತ್ತೇ ಹೋಗಬೇಕಾದದ್ದು, ಎರಡೇ ಸಾಲು: "ಮಾರು. ಇನ್ನು ನಿನ್ನ ಮುಖ ನೋಡುವುದಿಲ್ಲ." ಒಂಬತ್ತನೆಯದರಲ್ಲಿ ಅಮ್ಮನ ಕೊನೆಯ ವಾರ ಆಸ್ಪತ್ರೆಗೆ ಯಾರು ಬರಲಿಲ್ಲ ಎಂಬುದಿತ್ತು. ನಾಲ್ಕನೆಯದರಲ್ಲಿ: "ಮೂರು ಸಲ ಬರೆದೆ. ಓದಿಯೂ ಸುಮ್ಮನಿದ್ದೀಯ. ಚಿಕ್ಕಂದಿನಿಂದ ನೀನು ಹೀಗೇ."

ಮೊದಲನೆಯದು ಮೇ ನಾಲ್ಕರಂದು ಬರೆದದ್ದು: "ಫೋನ್ ಕುಕ್ಕಿದ್ದು ನನ್ನ ತಪ್ಪು. ಮಾರುವುದು ಬೇಡ. ದಕ್ಷಿಣದ ಗೋಡೆಯ ಬಣ್ಣ ಉದುರಿದೆ. ಜುಲೈನಲ್ಲಿ ಬಾ, ಇಬ್ಬರೂ ಸೇರಿ ಬಳಿಯೋಣ."

ಗುನ್ನೆಲ್ ಮೊದಲನೆಯದನ್ನು ಇನ್ನೊಮ್ಮೆ ಓದಿದಳು.

"ಹಾಗಾದ್ರೆ ಅವಳು ಸುಮ್ಮನಿರ್ಲಿಲ್ಲ," ಅಂದಳು. "ಅವಳಿಗೆ ಸಿಕ್ಕೇ ಇಲ್ಲ."

"ಒಂದೂ ಸಿಕ್ಕಿಲ್ಲ."

"ತಿಂಗಳಿಡೀ ಈ ಪೆಟ್ಟಿಗೆ ಜೊತೆ ಜಗಳ ಆಡಿದೀನಿ ನಾನು."

ಅವಳ ದನಿಯಲ್ಲಿ ಅಳುವಿರಲಿಲ್ಲ. ಬೇಸಿಗೆಯ ಕೊನೆಗೆ ದೋಣಿಯನ್ನು ದಡಕ್ಕೆ ಎಳೆದು ಮುಗಿಸಿದವರ ಸುಸ್ತು ಇತ್ತು. ಎದ್ದು ಕಾಫಿ ಬಗ್ಗಿಸಿದಳು, ಏಲಕ್ಕಿ ಬನ್ನು ಇಟ್ಟಳು. ತಿನ್ನಲು ಇಬ್ಬರಿಗೂ ಶಕ್ತಿ ಇರಲಿಲ್ಲ.

"ಅಳಿಸೋದು ಹೇಗೆ ತೋರ್ಸು. ಬೆರಳು ನಂದೇ ಇರ್ಲಿ."

ಹನ್ನೊಂದನೆಯದರಿಂದ ಹಿಂದಕ್ಕೆ ಒಂದೊಂದೇ ಅಳಿಸಿದಳು. ಒಂಬತ್ತನೆಯದರ ಮೇಲೆ ಕೈ ನಿಂತಿತು.

"ಇದು ನಿಜ ಕಣೋ."

"ಇರಬಹುದು. ಗೋಡೆಗೆ ಬಣ್ಣ ಬಳೀವಾಗ ಹೇಳು. ಮುಖ ನೋಡ್ಕೊಂಡು."

ಅಳಿಸಿದಳು. ಒಂದೇ ಉಳಿಯಿತು. ನಾನು ಸರ್ವರ್ ಹೆಸರು ತುಂಬಿ ತಂತಿ ಸಿಕ್ಕಿಸಿದೆ. ಮೋಡೆಮ್ ಕಿರುಚಿತು, ಗೊರಗುಟ್ಟಿತು, ಸುಮ್ಮನಾಯಿತು. ಔಟ್‌ಬಾಕ್ಸ್ ಖಾಲಿಯಾಯಿತು.

"ಇನ್ಮೇಲೆ ಇದು ಖಾಲಿಯಾಗೋವರೆಗೂ ಎರಡನೇ ಕಾಗದ ಬರೀಬೇಡ," ಅಂದೆ. "ಕಂಪ್ಯೂಟರ್ ಬಗ್ಗೆ ನಂಗೆ ಗೊತ್ತಿರೋದು ಅಷ್ಟೇ."

ಮೂರು ದಿನದ ಮೇಲೆ ಫೋನ್ ಬಂತು. "ಉತ್ತರ ಬಂತು ಹಿಲ್ಡಿಂಗ್. ದಲ್ಲಾಳಿಗೆ ಹೇಳಿಲ್ವಂತೆ. ಆಮೇಲೆ, 'ಯಾವ ಬಣ್ಣ?' ಅಂತ ಕೇಳಿದಾಳೆ."

ನಮ್ಮ ಕಡೆ ಬೇಸಿಗೆ ಮನೆಗಳೆಲ್ಲ ಕೆಂಪೇ. ಬೇರೆ ಬಣ್ಣದ ಡಬ್ಬಿ ಅಂಗಡಿಯಲ್ಲಿ ಧೂಳು ತಿನ್ನುತ್ತಿರುತ್ತದೆ.

"ಏನು ಬರೆದೆ?"

"'ಕೆಂಪು ಕಣೇ, ಪೆದ್ದಿ' ಅಂತ. ಹೋಗಿದೆ, ನೋಡಿದೆ. ನಿನ್ ಹತ್ರ ಉದ್ದದ ಏಣಿ ಇದ್ಯಾ?"

"ಏಣಿ ಇದೆ. ಹತ್ತೋ ಮಂಡಿ ಇಲ್ಲ."

"ಏಣಿ ಕೊಡು ಸಾಕು. ನೀನು ಕೆಳಗೆ ಕೂತ್ಕೊ."