ಮಡಿಯ ಅಜ್ಜಿಗೆ ಆಸರೆಯ ಕೈ

ರೊಟ್ಟಿ ತಟ್ಟುತ್ತಿದ್ದೆ. ಅಂಗಳದಲ್ಲಿ ತಾಮ್ರದ ಕೊಡ ಉರುಳಿದ ಸದ್ದಾಯಿತು. ಹಿಟ್ಟಿನ ಕೈಯಲ್ಲೇ ಓಡಿದೆ. ಅತ್ತೆ ರಂಗೂಬಾಯಿಯವರು ಬಾವಿಕಟ್ಟೆ ಹಿಡಿದು ಒಂಟಿಕಾಲಲ್ಲಿ ನಿಂತಿದ್ದರು. ಹಾಸುಗಲ್ಲಿನ ಮೇಲೆಲ್ಲ ನೀರು.

ಕೈ ಚಾಚಿದೆ.

"ಮುಟ್ಟಬ್ಯಾಡ ಶಾಮಲಾ, ಮಡೀಲೆ ಇದ್ದೀನಿ. ಬೀಳಲಿಲ್ಲ, ಜಾರಿದೆ ಅಷ್ಟ."

ಅವರಿಗೆ ಅರವತ್ತೆಂಟು. ಧಾರವಾಡ ಬಿಟ್ಟು ಪುಣೆಯ ಈ ಹಲವು ಮನೆಗಳ ವಾಡೆಗೆ ಬಂದು ಹನ್ನೆರಡು ವರ್ಷವಾಯಿತು. ಒಂದು ದಿನವೂ ಅವರು ದೇವರ ನೀರನ್ನು ಬೇರೆಯವರಿಂದ ತರಿಸಿಲ್ಲ. ಬೆಳಿಗ್ಗೆ ಮಿಂದು, ಒದ್ದೆ ಸೀರೆಯಲ್ಲೇ ನೀರು ಸೇದಿ, ಕೊಡವನ್ನು ಎಡಪಕ್ಕೆಗಿಟ್ಟು ನಡೆಯುವ ಆ ಠೀವಿ ನನಗೆ ಇಪ್ಪತ್ತರಲ್ಲೂ ಇರಲಿಲ್ಲ. ಆದರೆ ಎರಡು ತಿಂಗಳಿಂದ ಏಳುವಾಗೆಲ್ಲ ತುಟಿ ಬಿಗಿಹಿಡಿಯುತ್ತಿದ್ದರು.

ಎದುರುಮನೆಯ ಶಿವಬಸವ್ವ ದವಾಖಾನೆಯಲ್ಲಿ ನರ್ಸ್. ಕೆಲಸಕ್ಕೆ ಹೊರಟವರು ದೂರದಲ್ಲೇ ನಿಂತರು.

"ನಾನೂ ಮುಟ್ಟೂದಿಲ್ರಿ ರಂಗೂಬಾಯಾರ. ಎಲ್ಲಿ ನೋಯ್ತದ, ನೀವ ಬಟ್ಟಿಟ್ಟು ತೋರಿಸ್ರಿ."

ಅತ್ತೆ ಬೆನ್ನಿನ ಬುಡದಲ್ಲಿ, ಎಡಗಡೆಯ ಕುಳಿಯ ಮೇಲೆ ಬೆರಳಿಟ್ಟರು.

"ಅಲ್ಲೇ ಬೆನ್ನೆಲಬು ನಡದ ಎಲಬಿಗೆ ಕೂಡೋ ಕೀಲು ಅದ. ಮೈ ಭಾರ ಕಾಲಿಗೆ ಇಳಿಯೋದು ಅಲ್ಲಿಂದನ. ದಿನಾ ಒಂದ ಪಕ್ಕಿಗೆ ಕೊಡ ಹೊತ್ರ, ಭಾರ ಹಿಡಕೊಂಡು ನಡ ತಿರುವಿದ್ರ, ಅದು ಮುನಿಸ್ಕೋತದ."

"ಐವತ್ತು ವರ್ಷ ಸುಮ್ಮನಿತ್ತು. ಈಗ ಅದಕ್ಕೂ ಸೊಸಿ ಚಾಳಿ ಬಂತೇನು?"

ನನಗೆ ನಗು ತಡೆಯಲಿಲ್ಲ. ಶಿವಬಸವ್ವ ನಗಲಿಲ್ಲ.

"ಐವತ್ತು ವರ್ಷ ದುಡಿಸ್ಕೊಂಡೀರಿ, ಈಗ ಸ್ವಲ್ಪ ಕನಿಕರ ತೋರಿಸ್ರಿ. ಕೊಡ ಬಿಟ್ಟು ಸಣ್ಣ ತಂಬಿಗಿಲೆ ತರ್ರಿ. ತಿರಗೋವಾಗ ಪಾದ ತಿರುಗಿಸ್ರಿ, ನಡ ಅಲ್ಲ. ಹಾಸಿಗಿಂದ ಏಳೋವಾಗ ಮಗ್ಗಲಾಗಿ, ಕೈ ಊರಿ ಏಳ್ರಿ. ಹಸಿ ಕಲ್ಲಿನ ಮ್ಯಾಲೆ ಮಾತ್ರ ಯಾರದರ ಕೈ ಹಿಡಕೊಳ್ರಿ. ಈ ನೋವು ಕಡಿಮಿ ಆಗ್ತದ. ಬಿದ್ದು ತೊಡಿ ಎಲಬು ಮುರಕೊಂಡ್ರ, ದೇವರ ನೀರು ಯಾರು ತರ್ತಾರ?"

ಅತ್ತೆ ಉರುಳಿದ ಕೊಡದತ್ತ ನೋಡಿದರು.

"ತಂಬಿಗಿ ಮಾತು ಒಪ್ಪಿದೆ. ಮಡೀಲೆ ಯಾರ ಕೈ ಹಿಡೀಲಿ, ನೀನ ಹೇಳು."

ಶಿವಬಸವ್ವ ನನ್ನತ್ತ ತಿರುಗಿದರು, ನಾನು ನನ್ನ ಹಿಟ್ಟಿನ ಕೈ ನೋಡಿಕೊಂಡೆ.

ಓದುವ ಅಕ್ಕತಂಗಿಯರೇ, ನೋವೆಂದು ಬಾಯಿಬಿಡದ ಹಿರಿಯರು ನಿಮ್ಮ ಮನೆಯಲ್ಲೂ ಇದ್ದಾರು. ಬಚ್ಚಲಿನ ಪಾಚಿಯನ್ನು ಇಂದೇ ತಿಕ್ಕಿ ತೆಗೆಯಿರಿ, ಹಿಡಿಯಲು ಒಂದು ಗಟ್ಟಿ ಗಳ ಹಾಕಿಸಿರಿ. ಬಿದ್ದ ಮೇಲೆ ನೋವು ಹೆಚ್ಚಿದರೆ, ಕಾಲು ಜೋಮು ಹಿಡಿದರೆ, ಮನೆಮದ್ದು ಮಾಡುತ್ತ ಕೂರದೆ ಡಾಕ್ಟರಿಗೆ ತೋರಿಸಿರಿ. ಆಸರೆ ಬೇಕೆಂದು ಅವರು ಕೇಳಲಾರರು. ಅವರ ನೇಮ ಕೆಡದ ಹಾಗೆ ನೀವೇ ದಾರಿ ಹುಡುಕಿರಿ.

ನಮ್ಮ ಅತ್ತೆ ಈಗ ಬಾವಿಗೆ ಒಬ್ಬರೇ ಹೋಗುವುದಿಲ್ಲ. ಆ ದಾರಿ ಹೊಳೆದದ್ದು ನನಗಲ್ಲ. ಅಂದು ನನ್ನ ಹತ್ತು ವರ್ಷದ ಮಗಳು ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದಳು. ಎರಡು ಸಲ ಬಾಯಿ ತೆರೆದಳು, ಎರಡು ಸಲ ನನ್ನ ಮುಖ ನೋಡಿ ಸುಮ್ಮನಾದಳು. ಮೂರನೆಯ ಸಲ ಕೇಳಿಯೇಬಿಟ್ಟಳು:

"ಅಜ್ಜೀ, ನಾ ಸ್ನಾನ ಮಾಡಿ, ಮಡಿಗೆ ನಡಿಯೋ ರೇಷ್ಮಿ ಪರಕಾರ ಉಟ್ಕೊಂಡು ಬಂದ್ರ, ನನ್ನ ಕೈ ಹಿಡೀತೀಯೇನು?"