ಸೆರಗಿನ ಕೆಂಪು ಬೆಳಕು

ನನ್ನ ಹೆಂಡತಿ ಭಾಗೀರಥೀಬಾಯಿ ತೀರಿಕೊಂಡ ನಾಲ್ಕನೆಯ ದಿನವೂ ಅವಳ ಕಡೆಯ ಕೆಲಸ ಪೆಟ್ಟಿಗೆಯಲ್ಲಿ ಹಾಗೆಯೇ ಇತ್ತು: ಬೆಳಕು ಕುಡಿದ, ಇನ್ನೂ ತೊಳೆಯದ, ಫೋಟೋದ ಒಂದು ಗಾಜಿನ ಫಲಕ.

ನಾನು ಹುನಗುಂದದ ಶಾಲೆಯಲ್ಲಿ ಮಾಸ್ತರನಾಗಿದ್ದೆ. ನನ್ನ ಕಣ್ಣಿಗೆ ಪೊರೆ ಬಂದ ಮೇಲೆ, ಚುಕ್ಕಿ ನೋಡುವ ನಮ್ಮ ದುರ್ಬೀನಿಗೆ ಕಣ್ಣಿಡುತ್ತಿದ್ದವಳು ಅವಳೇ. ಕಡೆಯ ಸಲ ಕೂತ ರಾತ್ರಿ ಮೃಗಶಿರದ ಮೂರು ಚುಕ್ಕಿಗಳ ಕೆಳಗಿರುವ ಮೋಡದಂಥ ಬೆಳಕನ್ನು ಫಲಕದ ಮೇಲೆ ಹಿಡಿಯಲು, ಚುಕ್ಕಿ ಜಾರದಂತೆ ಒಂದೂವರೆ ತಾಸು ತಿರುಪು ತಿರುವುತ್ತ ಕೂತಿದ್ದಳು. ನನಗೂ ತೋರಿಸೆಂದೆ.

"ನಿಮಗ ಎದುರಿಗಿದ್ದ ನಾನs ಕಾಣೂದಿಲ್ಲ, ಆ ಮೋಡೇನು ಕಾಣ್ತದರಿ? ಎಳೀ ಹಸರು ಅದ, ನಾ ಹೇಳ್ತೇನಿ, ಕೇಳ್ರಿ," ಎಂದಳು.

ಮರುದಿನ ಜ್ವರ ಬಂತು. ವಾರದೊಳಗೆ ವಿಠ್ಠಲ ಕರೆದುಕೊಂಡ.

ಮನೆಯಲ್ಲಿ ಕಿಟಕಿಯಿಲ್ಲದ ಕೋಣೆ ಒಂದೇ. ಫಲಕ ತೊಳೆಯುತ್ತಿದ್ದುದೂ ಅಲ್ಲಿಯೇ, ಅವಳು ಪ್ರಾಣ ಬಿಟ್ಟದ್ದೂ ಅಲ್ಲಿಯೇ. ಅವಳಿಗಾಗಿ ಅಲ್ಲಿ ಹಚ್ಚಿಟ್ಟ ದೀಪ ಹತ್ತು ದಿನ ಆರಬಾರದು. ಆ ಬೆಳಕು ತಾಗಿದರೆ ಫಲಕ ಉಳಿಯದು. ತಡಮಾಡುವಂತೆಯೂ ಇರಲಿಲ್ಲ; ಹೋದ ವರ್ಷ ತೊಳೆಯದೆ ಇಟ್ಟ ಎರಡು ಫಲಕ ಬಿಸಿಲ ಕಾವಿಗೆ ಕೆಟ್ಟಿದ್ದವು. ದೀಪವನ್ನು ಆರಿಸುವ ಮನಸ್ಸಾಗಲಿಲ್ಲ.

ಮಧ್ಯಾಹ್ನ ಇಳಕಲ್ಲಿನ ಬಣ್ಣಗಾರ ಖಾದರಬಾಷಾ ಮಾತನಾಡಿಸಲು ಬಂದು ಕಟ್ಟೆಯ ಮೇಲೆ ಕೂತ. ನನ್ನ ಸಂಕಟವನ್ನೆಲ್ಲ ಕೇಳಿ, ಕೆಂಪು ಬೆಳಕು ಫಲಕಕ್ಕೆ ತಾಗುವುದಿಲ್ಲವೆಂದು ನಾನೇ ಹಿಂದೆ ಹೇಳಿದ್ದನ್ನು ನೆನಪಿಸಿದ.

"ದೀಪಾ ಯಾಕ ಆರಸ್ತೀರಿ, ಮಾಸ್ತರ? ಬಾಯಾರ ಸೀರಿ ಸೆರಗು ನಾ ಬಣ್ಣದಾಗ ಅದ್ದಿದ ಕೆಂಪು. ನಾಕ ಪದರ ಮಾಡಿ ಅಡ್ಡ ಕಟ್ರಿ."

ಸೀರೆಯನ್ನು ಹಗ್ಗಕ್ಕೆ ಹಾಕಿ ದೀಪಕ್ಕೆ ಮರೆಮಾಡಿದೆ. ಕೋಣೆ ಕೆಂಪಾಯಿತು. ವಿಠ್ಠಲನ ಹೆಸರು ಹೇಳುತ್ತ ಫಲಕವನ್ನು ಔಷಧದ ನೀರಿನಲ್ಲಿ ಆಡಿಸಿದೆ. ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದಾಗ ಮೋಡ ಮೂಡಿದ್ದು ಕಂಡಿತು. ಅದರ ಅಂಚಿಗೆ ಒಂದು ಗೆರೆಯೂ ಮೂಡಿತು. ಇಳಕಲ್ಲ ಸೀರೆಯಲ್ಲಿ ಸೆರಗಿನ ಎಳೆಗಳನ್ನು ಸೀರೆಯ ಒಡಲಿನ ಎಳೆಗಳಿಗೆ ಕೊಂಡಿಹಾಕಿ ಕೂಡಿಸುತ್ತಾರೆ. ಆ ಕೂಡಿಕೆಯ ಸಂದಿನಲ್ಲಿ ಬೆಳಕು ಸೋರಿತ್ತು. ಐವತ್ತು ವರ್ಷ ಅದೇ ಸೀರೆಗಳನ್ನು ನೋಡಿದ ನನಗೆ ಅದು ಹೊಳೆಯಲಿಲ್ಲ.

ತಿಂಗಳಾದ ಮೇಲೆ ಕಾಗದದ ಮೇಲೆ ಇಳಿಸಿದ ಚಿತ್ರಕ್ಕೆ ಖಾದರಬಾಷಾ ತೆಳುವಾಗಿ ಹಸಿರು ತುಂಬಿದ. ನಾನು ನೋಡಿರಲಿಲ್ಲ, ಅವನೂ ನೋಡಿರಲಿಲ್ಲ. ಅವಳು ಹೇಳಿದ ಬಣ್ಣ ಅಷ್ಟೇ. ಬಿಳಿಯಾಗಿ ಉಳಿದ ಗೆರೆಯ ಮೇಲೆ ಕುಂಚ ಇಟ್ಟು, ಅದನ್ನೂ ಮುಚ್ಚಿಬಿಡಲೇ ಎಂದು ಕೇಳಿದ.

"ಬ್ಯಾಡೋ. ಅದು ಆಕಿ ಸೀರೀದು," ಎಂದೆ.

ಅವನು ಕುಂಚ ತೊಳೆದಿಟ್ಟ.