ಹುಳಿಯ ಬಕೆಟ್ಟು

ಒಂದು ಸ್ಟೀಲಿನ ಬಕೆಟ್ಟು, ಅದರ ತುಂಬ ಬರೀ ನೀರು. ನನ್ನ ಸೊಂಟ ಮತ್ತೆ ನೆಟ್ಟಗಾದ ಕಾಲವನ್ನು ನೆನೆದಾಗಲೆಲ್ಲ ಮೊದಲು ಕಣ್ಣಿಗೆ ಬರುವುದು ಅದೇ.

ಮದುವೆಮನೆಗಳಲ್ಲಿ ಹುಳಿ ಬಡಿಸುವುದು ನನ್ನ ಕಸುಬು. ಇಪ್ಪತ್ತೆರಡು ವರ್ಷ ಪಂಕ್ತಿಗೆ ಬಗ್ಗಿದ ಸೊಂಟ ಒಂದು ದಿನ ಮೇಲೇಳಲು ಒಪ್ಪಲಿಲ್ಲ. ಎರಡು ತಿಂಗಳು ಹಾಸಿಗೆ ಹಿಡಿದೆ. ನಮ್ಮ ಮುಖ್ಯ ಅಡುಗೆಯವರಾದ ಸುಬ್ರಾಯರು ನೋಡಲು ಬಂದವರು, ಮಾಘದ ಮದುವೆಗಳ ಹೊತ್ತಿಗೆ ಏಳದಿದ್ದರೆ ಬೇರೆಯವರನ್ನು ಗೊತ್ತುಮಾಡಬೇಕಾಗುತ್ತದೆ ಎಂದು ಮೆಲ್ಲಗೆ ಹೇಳಿ ಹೋದರು. ನನಗೆ ಬೇರೆ ಕೆಲಸ ಬರುತ್ತಿರಲಿಲ್ಲ. ನಿಜಕ್ಕೂ ಹೆದರಿದೆ.

ಫಿಸಿಯೋಥೆರಪಿಯ ನಳಿನಾಕ್ಷಿ ಮೇಡಂ ಹೇಳಿಕೊಟ್ಟ ವ್ಯಾಯಾಮದಿಂದ ನೋವು ಅರ್ಧಕ್ಕಿಳಿಯಿತು. ಆದರೆ ಆಸೆ ತಡೆಯದೆ ಒಂದು ನಾಮಕರಣಕ್ಕೆ ಬಡಿಸಿ ಬಂದದ್ದೇ ತಡ, ಮತ್ತೆ ಯಥಾಪ್ರಕಾರ. ಮೇಡಂ ಗದರಲಿಲ್ಲ. ಹೇಗೆ ಬಡಿಸುತ್ತೀರೆಂದು ತೋರಿಸಲು ಹೇಳಿದರು. ಬಗ್ಗಿ ತೋರಿಸಿದೆ.

"ಮಂಡಿ ಎರಡೂ ಗೂಟದ ಥರ ನಿಂತಿವೆ," ಎಂದರು. "ಅಷ್ಟೂ ಭಾರ ಸೊಂಟ ಒಂದೇ ಹೊರ್ತಾ ಇದೆ, ಪಾಪ."

ಮರುದಿನ ಹೋದರೆ ಕ್ಲಿನಿಕ್ಕಿನ ನೆಲದ ಮೇಲೆ ಸಾಲಾಗಿ ಬಾಳೆಲೆ ಹಾಸಿತ್ತು. ಕೊನೆಯ ಎಲೆಯ ಮುಂದೆ ಮೇಡಂ ತಾವೇ ಚಕ್ಕಂಬಕ್ಕಳ ಹಾಕಿ ಕೂತಿದ್ದರು. ಬಕೆಟ್ಟಿನಲ್ಲಿ ಹುಳಿಯ ಬದಲು ನೀರು. ಒಂದು ಕಾಲು ಮುಂದಿಟ್ಟು, ಮಂಡಿ ಮಡಿಸಿ, ಬಕೆಟ್ಟನ್ನು ಮೈಗೆ ಹತ್ತಿರ ಹಿಡಿದು, ಬೆನ್ನು ನೆಟ್ಟಗಿಟ್ಟೇ ಇಳಿಯಬೇಕಿತ್ತು. ನಾನು ಎಲೆಗಿಂತ ಹೆಚ್ಚು ಅವರ ಸೀರೆಗೇ ಬಡಿಸಿದೆ. ಅವರೋ ಹಟಮಾರಿ ಬೀಗರ ಹಾಗೆ, ಹುಳಿ ಸಾಲದು, ಇನ್ನೊಂದು ಸೌಟು ಎಂದು ಕೇಳುತ್ತಲೇ ಇದ್ದರು. ಆರು ವಾರ, ದಿನವೂ. ಅಂಥ ತಾಳ್ಮೆಯನ್ನು ನಾನು ಇನ್ನೊಬ್ಬರಲ್ಲಿ ಕಂಡಿಲ್ಲ.

ಮಾಘದ ಮೊದಲ ಮದುವೆಯಲ್ಲಿ ಸುಬ್ರಾಯರು ನನ್ನ ಹೊಸ ಭಂಗಿ ಕಂಡು, ಹುಳಿ ಬಡಿಸುತ್ತೀಯೋ ಕುಸ್ತಿಗೆ ಇಳಿಯುತ್ತೀಯೋ ಎಂದು ನಗೆಯಾಡಿದರು. ಜೊತೆಯವರೂ ನಕ್ಕರು. ನಾಚಿಕೆಯಾಯಿತು, ಆದರೂ ಬಿಡಲಿಲ್ಲ. ಮೂರನೆಯ ಪಂಕ್ತಿ ಏಳುವಷ್ಟರಲ್ಲಿ ಅವರೆಲ್ಲ ಸೊಂಟ ಹಿಡಿದು ಗೋಡೆಗೊರಗಿದ್ದರು. ನಾನು ನಾಲ್ಕನೆಯದಕ್ಕೆ ಸಜ್ಜಾಗಿ ನಿಂತಿದ್ದೆ. ನಗು ಅಲ್ಲಿಗೆ ಮುಗಿಯಿತು.

ವರ್ಷದ ಮೇಲೆ ಒಂದು ಮದುವೆಯೂಟಕ್ಕೆ ಮೇಡಂ ಬಂದು ಕೂತರು. ನಾನು ಹುಳಿ ಹಿಡಿದು ಹತ್ತಿರ ಹೋದಾಗ ಅವರ ಕಣ್ಣು ನನ್ನ ಮೇಲಿರಲಿಲ್ಲ. ಪಲ್ಯದವನು, ಅನ್ನದವನು, ಪಾಯಸ ಹಿಡಿದ ಸುಬ್ರಾಯರು ಕೂಡ, ಸಾಲಿನುದ್ದಕ್ಕೂ ಒಂದು ಕಾಲು ಮುಂದಿಟ್ಟು, ಮಂಡಿ ಮಡಿಸಿ, ನೆಟ್ಟನೆಯ ಬೆನ್ನಿನಲ್ಲಿ ಇಳಿದು ಏಳುತ್ತಿದ್ದರು. ಮೇಡಂ ಅದನ್ನೇ ನೋಡುತ್ತಿದ್ದರು. ಕಣ್ಣು ತುಂಬಿಕೊಂಡಿತ್ತು.

ನಾನು ಬಡಿಸಿದೆ. ಅವರು ತಲೆಯೆತ್ತಿದರು.

"ಹುಳಿ ಸಾಲ್ದು," ಎಂದರು. "ಇನ್ನೊಂದು ಸೌಟು."

ಮತ್ತೆ ಇಳಿದೆ. ಈ ಸಲ ಸೀರೆಯ ಮೇಲೆ ಒಂದು ಹನಿಯೂ ಬೀಳಲಿಲ್ಲ.